ಮತ್ತೊಮ್ಮೆ ಹೇಳಿ

ತ್ವಷ್ಟೃವಿನ ಕಥೆ ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಮಗ ವಿಶ್ವರೂಪನನ್ನು ಇಂದ್ರ ಕೊಂದನೆಂಬ ಸಿಟ್ಟಿನಿಂದ, ಇಂದ್ರನನ್ನೇ ಕೊಲ್ಲಬಲ್ಲ ಇನ್ನೊಬ್ಬ ಮಗ ಬೇಕೆಂದು ಅವನು ಯಜ್ಞಕ್ಕೆ ಕುಳಿತ. ‘ಇಂದ್ರಶತ್ರು’ ಎಂಬ ಸಮಾಸವನ್ನು ಉಚ್ಚರಿಸುವಾಗ ಕೊನೆಯಲ್ಲಿ ಬೀಳಬೇಕಾಗಿದ್ದ ಉದಾತ್ತ ಸ್ವರ ಮೊದಲಲ್ಲಿ ಬಿದ್ದುಬಿಟ್ಟಿತು. ಅಷ್ಟಕ್ಕೇ ತತ್ಪುರುಷ ಹೋಗಿ ಬಹುವ್ರೀಹಿಯಾಯಿತು. ಇಂದ್ರನನ್ನು ಕೊಲ್ಲುವವನು ಹುಟ್ಟುವ ಬದಲು ಇಂದ್ರನ ಕೈಯಲ್ಲಿ ಸಾಯುವ ವೃತ್ರ ಹುಟ್ಟಿದ. ಉಚ್ಚಾರಣೆಯ ಶುದ್ಧಿ ಎಂಥ ಗಂಡಾಂತರದ ವಿಷಯವೆಂಬುದಕ್ಕೆ ಪತಂಜಲಿಯಿಂದ ಹಿಡಿದು ನಮ್ಮೂರಿನ ಸಂಸ್ಕೃತ ಪಂಡಿತರವರೆಗೆ ಎಲ್ಲರೂ ಈ ಕಥೆಯನ್ನು ಹೇಳುತ್ತ ಬಂದಿದ್ದಾರೆ. ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ ಬೇರೊಂದು ಪ್ರಶ್ನೆ ಏಳುತ್ತದೆ. ಯಜ್ಞದಲ್ಲಿ ಬ್ರಹ್ಮನೆಂಬ ಋತ್ವಿಜನೊಬ್ಬನಿರುತ್ತಾನೆ; ಸುಮ್ಮನೆ ಕುಳಿತು ತಪ್ಪುಗಳನ್ನು ಗಮನಿಸುವುದೇ ಅವನ ಕೆಲಸ. ಅಂದು ಅವನೇನು ಮಾಡುತ್ತಿದ್ದ? ತ್ವಷ್ಟೃವಿಗೆ ತನ್ನ ತಪ್ಪು ತಿಳಿದದ್ದು ಫಲದಿಂದ, ಅಂದರೆ ತಿದ್ದಿಕೊಳ್ಳಲು ಸಾಧ್ಯವಿಲ್ಲದ ಹೊತ್ತಿನಲ್ಲಿ.

ಯಜ್ಞದ ಮಾತು ದೊಡ್ಡದು. ನನ್ನ ಅನುಭವ ಚಿಕ್ಕದು. ನಾನು ಹುಟ್ಟಿ ಬೆಳೆದ ಕಡೆ ಹಕಾರ ಮನೆಯ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಅಕ್ಕಿ ಆರುತ್ತಿತ್ತು, ಆಲು ಉಕ್ಕುತ್ತಿತ್ತು. ಅದು ತಪ್ಪೆಂಬುದು ಗೊತ್ತಾದದ್ದು ಶಾಲೆಗೆ ಸೇರಿದ ಮೇಲೆ. ಗೊತ್ತು ಮಾಡಿಕೊಟ್ಟದ್ದು ಇಡೀ ತರಗತಿಯ ನಗೆ. ಆಮೇಲೆ ಎಚ್ಚರಿಕೆ ಮಿತಿಮೀರಿ ಒಂದು ದಿನ ಆನೆಯನ್ನು ‘ಹಾನೆ’ ಎಂದೆ. ಮತ್ತೂ ದೊಡ್ಡ ನಗೆ. ಅನಂತರ ಎಷ್ಟೋ ದಿನ ನಾನು ತರಗತಿಯಲ್ಲಿ ಬಾಯಿಯನ್ನೇ ತೆರೆಯಲಿಲ್ಲ. ಇದು ನನ್ನ ತಾಯ್ನುಡಿಯಲ್ಲಿ ನಡೆದದ್ದು. ಬೆಳೆದು ದೊಡ್ಡವರಾದ ಮೇಲೆ ಮತ್ತೊಂದು ಭಾಷೆಯನ್ನು ಆಡಲು ಕಲಿಯುವವರ ಪಾಡು ಏನಿರಬೇಕು? ಅವರ ತಪ್ಪನ್ನು ನಗದೆ, ಬೇಸರಿಸದೆ, ಸಾವಿರ ಸಲ ಕೇಳಿಯೂ ದಣಿಯದೆ ತಿದ್ದಬಲ್ಲ ಯಂತ್ರವೊಂದನ್ನು ಕಟ್ಟಲು ಮನುಷ್ಯ ಸುಮಾರು ನೂರೈವತ್ತು ವರ್ಷಗಳಿಂದ ಪಟ್ಟ ಶ್ರಮದ ಕಥೆಯನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಯಂತ್ರಕ್ಕೆ ಮೊದಲು ಗುರುವಿದ್ದ. ಕೇರಳದ ನಂಬೂದಿರಿಗಳಲ್ಲಿ ವೇದಪಾಠ ಹೇಳುವ ಗುರು ಶಿಷ್ಯನ ತಲೆಯನ್ನು ಕೈಯಲ್ಲಿ ಹಿಡಿದು ಸ್ವರಕ್ಕೆ ತಕ್ಕಂತೆ ಮೇಲೆ ಕೆಳಗೆ ಬಾಗಿಸುವ ಪದ್ಧತಿಯುಂಟು. ಕಿವಿಗೆ ಸಿಕ್ಕದ ವ್ಯತ್ಯಾಸವನ್ನು ಕತ್ತಿಗೆ ಕಲಿಸುವ ಉಪಾಯ ಅದು. ಈ ಉಪಾಯವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಬರುವ ಯಂತ್ರಗಳೆಲ್ಲ ಬೇರೆ ಬೇರೆ ರೀತಿಯಲ್ಲಿ ಇದನ್ನೇ ಮಾಡಲು ಹೆಣಗಿದವು.

ಅವುಗಳಲ್ಲಿ ಮೊದಲನೆಯದು ಸ್ವಲ್ಪ ಭೀಕರವಾದದ್ದು. ಟೆಲಿಫೋನಿನಿಂದ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ವೃತ್ತಿಯಿಂದ ಕಿವುಡ ಮಕ್ಕಳ ಉಪಾಧ್ಯಾಯ. ಅವನ ತಂದೆ ಮೆಲ್ವಿಲ್ ಬೆಲ್ 1867ರಲ್ಲಿ, ಮಾತಿನ ಪ್ರತಿಯೊಂದು ಧ್ವನಿಗೂ ನಾಲಗೆ ತುಟಿಗಳು ನಿಲ್ಲುವ ಭಂಗಿಯನ್ನೇ ಅಕ್ಷರವಾಗಿ ಬರೆಯುವ ಲಿಪಿಯೊಂದನ್ನು ಪ್ರಕಟಿಸಿ ಅದಕ್ಕೆ ‘ಕಾಣುವ ಮಾತು’ ಎಂಬ ಅರ್ಥದ ಹೆಸರಿಟ್ಟಿದ್ದ. ಮಗ ಅದನ್ನು ಬಾಸ್ಟನ್ನಿನ ಕಿವುಡ ಮಕ್ಕಳಿಗೆ ಕಲಿಸುತ್ತಿದ್ದ. ಆದರೆ ಮಗು ತಾನು ನುಡಿದದ್ದು ಸರಿಯೋ ತಪ್ಪೋ ಎಂದು ತಾನೇ ಅರಿಯುವುದು ಹೇಗೆ? 1874ರಲ್ಲಿ ಬೆಲ್ ಕಿವಿಯ ವೈದ್ಯನೊಬ್ಬನ ನೆರವಿನಿಂದ ಸತ್ತ ಮನುಷ್ಯನ ಕಿವಿಯೊಂದನ್ನು ಪಡೆದು, ಅದರ ಎಲುಬಿಗೆ ಒಂದು ಹುಲ್ಲುಕಡ್ಡಿಯನ್ನು ಸಿಕ್ಕಿಸಿ, ಮಸಿ ಹಿಡಿಸಿದ ಗಾಜಿನ ಮುಂದೆ ನಿಲ್ಲಿಸಿದ. ಆ ಕಿವಿಯಲ್ಲಿ ಕೂಗಿದರೆ ತಮಟೆ ಅದುರಿ ಹುಲ್ಲುಕಡ್ಡಿ ಮಸಿಯ ಮೇಲೆ ಗೆರೆ ಬರೆಯುತ್ತಿತ್ತು. ಗುರುವಿನ ಗೆರೆಯೊಡನೆ ಮಗು ತನ್ನ ಗೆರೆಯನ್ನು ಹೋಲಿಸಿ ನೋಡಿ ತಿದ್ದಿಕೊಳ್ಳಬಹುದೆಂಬುದು ಅವನ ಆಸೆ. ಅದು ಈಡೇರಲಿಲ್ಲ. ಅದೇ ಚಿಂತನೆಯ ಹಾದಿಯಲ್ಲಿ ಎರಡು ವರ್ಷದ ಅನಂತರ, 1876ರಲ್ಲಿ, ಟೆಲಿಫೋನು ಹುಟ್ಟಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕಿವುಡರು ಬಾಯಿಯಿಂದಲೇ ಮಾತನಾಡಬೇಕು, ಕೈಸನ್ನೆಯ ಭಾಷೆ ಕೂಡದು ಎಂದು ಹಟ ಹಿಡಿದವರಲ್ಲಿ ಬೆಲ್ ಅಗ್ರಗಣ್ಯ; ಅದಕ್ಕಾಗಿ ಕಿವುಡರ ಸಮುದಾಯ ಇಂದಿಗೂ ಅವನನ್ನು ಕ್ಷಮಿಸಿಲ್ಲ. ತಿದ್ದುವ ಉತ್ಸಾಹದಲ್ಲಿ, ತಿದ್ದಲೇಬೇಕೆ ಎಂಬ ಪ್ರಶ್ನೆ ಎಷ್ಟೋ ಸಲ ಹಿಂದೆ ಬಿದ್ದುಬಿಡುತ್ತದೆ.

1913ರಲ್ಲಿ ಮೊದಲು ರಂಗಕ್ಕೆ ಬಂದ ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕವನ್ನು ಓದಿದವರು ಹಿಗ್ಗಿನ್ಸ್ ಪ್ರೊಫೆಸರನ ಕೊಠಡಿಯನ್ನು ಮರೆತಿರಲಾರರು. ಅಲ್ಲಿ ಫೋನೋಗ್ರಾಫು, ಗಂಟಲು ನೋಡುವ ಕನ್ನಡಿ, ಶ್ರುತಿಕವಲು, ಧ್ವನಿಗೆ ಕುಣಿಯುವ ದೀಪದ ಉರಿ ಎಲ್ಲವೂ ಇವೆ. ಹೂ ಮಾರುವ ಹುಡುಗಿ ಎಲೈಜಾಳ ಮಾತು ಮಾತ್ರ ತಿದ್ದಲ್ಪಟ್ಟದ್ದು ಆ ಉಪಕರಣಗಳಿಂದಲ್ಲ. ಅವಳನ್ನು ಗದರಿಸುವ ಒಬ್ಬ, ಗೌರವಿಸುವ ಇನ್ನೊಬ್ಬ, ಹೀಗೆ ಇಬ್ಬರು ಮನುಷ್ಯರಿಂದ. ಷಾಗೆ ಇದು ಚೆನ್ನಾಗಿ ಗೊತ್ತಿತ್ತು.

ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಮಾಡಿದ ಮೇಲೆ ಭಾಷೆ ಕಲಿಸುವವರಿಗೆ ಹೊಸದೊಂದು ದಾರಿ ಕಂಡಿತು. 1901ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲಿಂಗ್ವಾಫೋನ್ ಸಂಸ್ಥೆಯ ಪಾಠಗಳು ಮುಂದೆ ಲೋಕವೆಲ್ಲ ಸಂಚರಿಸಿದವು. ಆದರೆ ತಟ್ಟೆ ಹಾಡುತ್ತದೆಯೇ ಹೊರತು ಕೇಳುವುದಿಲ್ಲ. ಟೇಪ್ ರೆಕಾರ್ಡರ್ ಬಂದ ಮೇಲೆ ಕಲಿಯುವವನು ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುವಂತಾಯಿತು. ರಷ್ಯನ್ನರು 1957ರಲ್ಲಿ ಸ್ಪುಟ್ನಿಕ್ಕನ್ನು ಹಾರಿಸಿದಾಗ ಗಾಬರಿಗೊಂಡ ಅಮೆರಿಕ, ಮರುವರ್ಷವೇ ಶಾಸನ ಮಾಡಿ ವಿಜ್ಞಾನದೊಂದಿಗೆ ವಿದೇಶೀ ಭಾಷೆಗಳ ಕಲಿಕೆಗೂ ಹಣ ಸುರಿಯಿತು. ಶಾಲೆ ಶಾಲೆಗಳಲ್ಲಿ ‘ಭಾಷಾ ಪ್ರಯೋಗಾಲಯ’ಗಳು ಎದ್ದವು. ಆ ಅಲೆ ತಡವಾಗಿಯಾದರೂ ನಮ್ಮ ದೇಶಕ್ಕೂ ಬಂತು.

ಅಂಥದೊಂದು ಪ್ರಯೋಗಾಲಯದಲ್ಲಿ ನಾನು ತರುಣ ಅಧ್ಯಾಪಕನಾಗಿದ್ದಾಗ ಇಂಗ್ಲಿಷ್ ಉಚ್ಚಾರಣೆಯ ತರಬೇತಿಗೆಂದು ಹೋಗಿ ಕುಳಿತಿದ್ದೆ. ಎಡಬಲಕ್ಕೆ ಹಲಗೆಯ ಗೋಡೆ, ಕಿವಿಗೆ ಭಾರವಾದ ಕರ್ಣಯಂತ್ರ, ಎದುರಿಗೆ ಸುತ್ತುವ ಟೇಪು. ಟೇಪಿನೊಳಗಿನ ಇಂಗ್ಲಿಷ್ ಮಹನೀಯ ದ್ರಾಕ್ಷಾರಸಕ್ಕೆ ಒಂದು ಪದ, ಬಳ್ಳಿಗೆ ಒಂದು ಪದ, ‘ವೈನ್’ ಎಂದೂ ‘ವೈನ್’ ಎಂದೂ ನುಡಿಯುತ್ತಿದ್ದ. ನನಗೆ ಎರಡೂ ಒಂದೇ. ಕನ್ನಡ ಲಿಪಿಗೂ ಎರಡೂ ಒಂದೇ ಎಂಬುದನ್ನು ಈಗ ತಾವೇ ಕಂಡಿರಿ. ನಾನು ಹೇಳಿದೆ, ನನ್ನ ದನಿಯನ್ನು ತಿರುಗಿ ಕೇಳಿದೆ, ಅವನದೂ ನನ್ನದೂ ಅಚ್ಚಿಳಿಸಿದಂತೆ ಒಂದೇ ಎಂದು ಹಿಗ್ಗಿದೆ. ಅಷ್ಟರಲ್ಲಿ ಕೊಠಡಿಯ ತುದಿಯಲ್ಲಿ ಗುಂಡಿಗಳ ಮುಂದೆ ಕುಳಿತಿದ್ದ ಬೋಧಕರ ದನಿ ಕಿವಿಯೊಳಗೇ ಎದ್ದಿತು: “ಮತ್ತೊಮ್ಮೆ ಹೇಳಿ.” ಹೇಳಿದೆ. “ಮತ್ತೊಮ್ಮೆ.” ಒಂದು ಗಂಟೆಯಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಏನು ತಪ್ಪಿದೆ ಎಂದು ಅವರು ಹೇಳಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಒಂದಕ್ಕೆ ತುಟಿ ಹಲ್ಲಿಗೆ ತಾಗಬೇಕು, ಇನ್ನೊಂದಕ್ಕೆ ಎರಡು ತುಟಿಯೂ ದುಂಡಗಾಗಬೇಕು ಎಂಬ ಒಂದು ವಾಕ್ಯವನ್ನು ಬಹುಕಾಲದ ಅನಂತರ ಒಂದು ಹಳೆಯ ಪುಸ್ತಕದಲ್ಲಿ ಓದಿ, ಕನ್ನಡಿಯ ಮುಂದೆ ನಿಂತು ಐದು ನಿಮಿಷದಲ್ಲಿ ಕಲಿತೆ.

ಇದು ನನ್ನೊಬ್ಬನ ಮಂದಮತಿಯಲ್ಲ ಎಂಬ ಸಮಾಧಾನ ನನಗೆ ದೊರೆತದ್ದು ತ್ರುಬೆಟ್ಸ್‌ಕಾಯ್ ಎಂಬ ರಷ್ಯನ್ ಭಾಷಾವಿಜ್ಞಾನಿಯಿಂದ. ಅವನ ಮರಣಾನಂತರ 1939ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆತ ತಾಯ್ನುಡಿಯ ಧ್ವನಿವ್ಯವಸ್ಥೆಯನ್ನು ಜರಡಿಗೆ ಹೋಲಿಸಿದ್ದಾನೆ. ನಾವು ಯಾವ ಭಾಷೆಯನ್ನು ಕೇಳಿದರೂ ಈ ಜರಡಿಯಲ್ಲಿ ಸೋಸಿಯೇ ಕೇಳುವುದು. ನಮ್ಮ ಜರಡಿಯಲ್ಲಿ ಇಂಗ್ಲಿಷಿನ ಎರಡು ವಕಾರಗಳು ಒಂದೇ ರಂಧ್ರದಿಂದ ಬೀಳುತ್ತವೆ. ಇಂಗ್ಲಿಷರ ಜರಡಿಯಲ್ಲಿ ನಮ್ಮ ತಕಾರ ಟಕಾರಗಳು, ಲಕಾರ ಳಕಾರಗಳು ಒಂದಾಗುತ್ತವೆ. ಅಂದಮೇಲೆ ಕಲಿಯುವವನಿಗೆ ಅವನ ದನಿಯನ್ನೇ ತಿರುಗಿ ಕೇಳಿಸಿದರೆ ಏನು ಪ್ರಯೋಜನ? ತಪ್ಪು ಮಾಡಿದ್ದೂ ಅದೇ ಜರಡಿ, ತಪ್ಪನ್ನು ಹುಡುಕಲು ಕಳಿಸುವುದೂ ಅದೇ ಜರಡಿಯನ್ನು.

ಕಿವಿಯನ್ನು ಬಿಟ್ಟು ಕಣ್ಣಿನ ಮೂಲಕ ಹೋಗಬೇಕೆಂಬ ಬೆಲ್ಲನ ಹಳೆಯ ಆಸೆ ಅವನ ಹೆಸರಿನ ಪ್ರಯೋಗಶಾಲೆಯಲ್ಲೇ ಮರುಹುಟ್ಟು ಪಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸಿದ್ಧವಾದ ಸ್ಪೆಕ್ಟ್ರೋಗ್ರಾಫ್ ಎಂಬ ಯಂತ್ರ ಮಾತನ್ನು ಕಾಗದದ ಮೇಲೆ ಕಪ್ಪು ಬೂದು ಪಟ್ಟೆಗಳ ಚಿತ್ರವಾಗಿಸುತ್ತಿತ್ತು. 1947ರಲ್ಲಿ ಪಾಟರ್, ಕಾಪ್, ಗ್ರೀನ್ ಎಂಬ ಮೂವರು ಆ ಚಿತ್ರಗಳ ದೊಡ್ಡ ಪುಸ್ತಕವನ್ನು ಹೊರತಂದು ಹಿರಿಯ ಬೆಲ್ಲನ ಲಿಪಿಯ ಹೆಸರನ್ನೇ ಅದಕ್ಕೆ ಇಟ್ಟರು. ಚಿತ್ರಗಳೇನೋ ನಿಜ. ಆದರೆ ಅವನ್ನು ಓದಲು ಕಲಿಯುವುದೇ ಒಂದು ವಿದ್ಯೆ. ಮೇಲಾಗಿ ನಿಮ್ಮ ಪಟ್ಟೆ ಗುರುವಿನ ಪಟ್ಟೆಯಂತಿಲ್ಲ ಎಂದು ಕಂಡರೂ ನಾಲಗೆಯನ್ನು ಎತ್ತಬೇಕೋ ಇಳಿಸಬೇಕೋ ಎಂಬುದು ಪಟ್ಟೆಯಲ್ಲಿ ಬರೆದಿರುವುದಿಲ್ಲ. ಅದೂ ‘ಮತ್ತೊಮ್ಮೆ ಹೇಳಿ’ ಎನ್ನುವ ಬೋಧಕನೇ, ಬಾಯಿಲ್ಲದವನು.

ಕಂಪ್ಯೂಟರು ಈ ಕಥೆಯೊಳಗೆ ಸ್ಪಷ್ಟವಾಗಿ ಕಾಲಿಟ್ಟದ್ದು 1970ರ ಆಸುಪಾಸಿನಲ್ಲಿ. ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಕ್ಯಾಲಿಕೊ ಮತ್ತು ಸ್ವೆಟ್ಸ್ ಎಂಬ ಇಬ್ಬರು, ಸ್ಪ್ಯಾನಿಷ್ ಮಾತೃಭಾಷೆಯವರಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುವ ಯಾಂತ್ರಿಕ ಬೋಧಕನೊಂದನ್ನು ಕಟ್ಟಿ 1972ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮಾತನ್ನು ಕೇಳಿದೊಡನೆ ಅದರ ಲಕ್ಷಣಗಳನ್ನು ಲೆಕ್ಕಹಾಕಿ, ಅರ್ಥವಾಗುವಂಥ ಸರಳ ಚಿತ್ರವಾಗಿ ತೆರೆಯ ಮೇಲೆ ತೋರಿಸುವುದು ಅದರ ಕೆಲಸ. ಮಸಿಯ ಗಾಜಿನಿಂದ ಇದು ಬಹುದೂರ ಬಂದಂತಾಯಿತು. ಆದರೂ ಅದು ಕನ್ನಡಿಯೇ. ತಪ್ಪು ಎಲ್ಲಿದೆ ಎಂದು ಹುಡುಕುವ ಹೊಣೆ ನೋಡುವವನದೇ.

ತಪ್ಪನ್ನು ತಾನೇ ಹುಡುಕಬಲ್ಲ ಯಂತ್ರ ಬೇಕಾದರೆ ಅದಕ್ಕೆ ಮೊದಲು ಮಾತು ತಿಳಿಯಬೇಕು. ಮಾತನ್ನು ಗುರುತಿಸುವ ಕಂಪ್ಯೂಟರುಗಳು 1990ರ ದಶಕದಲ್ಲಿ ಸಾಕಷ್ಟು ಪಳಗಿದಾಗ, ಇನ್ನೇನು ಸಮಸ್ಯೆ ಮುಗಿಯಿತೆಂದು ಅನೇಕರು ಭಾವಿಸಿದರು. ಇಲ್ಲಿಯೇ ಒಂದು ವಿಚಿತ್ರವಾದ ತೊಡಕು ಕಾದಿತ್ತು. ಮಾತನ್ನು ಗುರುತಿಸುವ ಯಂತ್ರದ ಹೆಚ್ಚಳವಿರುವುದು ವ್ಯತ್ಯಾಸಗಳನ್ನು ಗಮನಿಸದೆ ಇರುವುದರಲ್ಲಿ. ನೆಗಡಿ ಹಿಡಿದವರೂ ಹಲ್ಲು ಬಿದ್ದವರೂ ಅವಸರದವರೂ ನುಡಿದ ಒಂದೇ ಪದವನ್ನು ಒಂದೇ ಎಂದು ಅದು ಗುರುತಿಸಬೇಕು. ಒಳ್ಳೆಯ ಆತಿಥೇಯನಂತೆ ಅದು ಅತಿಥಿಯ ತಪ್ಪನ್ನು ನುಂಗಿಕೊಂಡು ಅರ್ಥವನ್ನು ಮಾತ್ರ ಗ್ರಹಿಸುತ್ತದೆ. ತಿದ್ದುವ ಯಂತ್ರಕ್ಕಾದರೋ ಬೇಕಾದದ್ದು ನೇರ ವಿರುದ್ಧವಾದ ಗುಣ. ಚೆನ್ನಾಗಿ ಅರ್ಥಮಾಡಿಕೊಂಡಷ್ಟೂ ಕೆಟ್ಟ ಗುರುವಾಗುವ ಇಕ್ಕಟ್ಟು ಇದು. ಪ್ರೀತಿಯ ಅಜ್ಜಿಯರಿಗೂ ಇದೇ ಕಾರಣಕ್ಕೆ ಮೊಮ್ಮಕ್ಕಳ ತೊದಲನ್ನು ತಿದ್ದಲಾಗುವುದಿಲ್ಲವೆಂದು ಕಾಣುತ್ತದೆ.

ಇದಕ್ಕೆ ಬಹುಜನ ಒಪ್ಪಿದ ಪರಿಹಾರವೊಂದನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಸಿಲ್ಕೆ ವಿಟ್ ಮತ್ತು ಸ್ಟೀವ್ ಯಂಗ್ ರೂಪಿಸಿ 2000ದಲ್ಲಿ ಪ್ರಕಟಿಸಿದರು. ಕಲಿಯುವವನು ಯಾವ ವಾಕ್ಯ ಹೇಳಬೇಕೆಂಬುದು ಯಂತ್ರಕ್ಕೆ ಮೊದಲೇ ಗೊತ್ತಿರುತ್ತದೆ. ಒಂದೊಂದು ಧ್ವನಿ ಬಂದಾಗಲೂ ಅದು ತನಗೆ ತಾನೇ ಎರಡು ಪ್ರಶ್ನೆ ಹಾಕಿಕೊಳ್ಳುತ್ತದೆ: ಇದು ಬರಬೇಕಾಗಿದ್ದ ಧ್ವನಿಯೇ ಆಗಿರುವ ಸಂಭವವೆಷ್ಟು? ಯಾವ ಕಟ್ಟೂ ಇಲ್ಲದೆ ಕೇಳಿದರೆ ಯಾವ ಧ್ವನಿಗೆ ಇದು ಅತ್ಯಂತ ಹತ್ತಿರ, ಆ ಸಂಭವವೆಷ್ಟು? ಎರಡರ ನಡುವಿನ ಅಂತರ ಒಂದು ಮಿತಿಯನ್ನು ದಾಟಿದರೆ, ತಪ್ಪು. ಹೇಳಲು ಸುಲಭ. ಆ ಮಿತಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಎಲ್ಲ ಕಷ್ಟವೂ ಅಡಗಿದೆ. ಬಿಗಿ ಮಾಡಿದರೆ ಸರಿಯಾಗಿ ನುಡಿದವನನ್ನೂ ಯಂತ್ರ ಗದರಿಸುತ್ತದೆ. ಸಡಿಲಿಸಿದರೆ ತಪ್ಪುಗಳು ನುಸುಳಿಹೋಗುತ್ತವೆ. ಈ ಎರಡು ಅನ್ಯಾಯಗಳಲ್ಲಿ ಯಾವುದು ಕಡಿಮೆಯದು? ಇದು ಗಣಿತದ ಪ್ರಶ್ನೆಯಲ್ಲ.

ತಪ್ಪು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದನ್ನು ಹೇಳುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಯಂತ್ರದವರಲ್ಲ, ತರಗತಿಯ ಮೂಲೆಯಲ್ಲಿ ಕುಳಿತು ಮೇಷ್ಟರುಗಳ ಮಾತನ್ನು ಬರೆದುಕೊಂಡವರು. ಕೆನಡಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ, ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚಿನಲ್ಲೇ ಪಾಠ ಕಲಿಯುವ ತರಗತಿಗಳ ಹದಿನೆಂಟು ಗಂಟೆಗೂ ಮಿಕ್ಕ ಧ್ವನಿಮುದ್ರಣವನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು. ಉಪಾಧ್ಯಾಯರು ತಿದ್ದಿದ ಸಂದರ್ಭಗಳಲ್ಲಿ ಶೇಕಡಾ 55ರಷ್ಟು ಒಂದೇ ಬಗೆಯವು: ಮಗು ತಪ್ಪಾಗಿ ಹೇಳಿದ್ದನ್ನು ತಾವು ಸರಿಯಾಗಿ ಮರುನುಡಿದು ಮುಂದೆ ಸಾಗುವುದು. ಅತ್ಯಂತ ಸೌಜನ್ಯದ ವಿಧಾನ. ಆದರೆ ಮಗು ಅದಕ್ಕೆ ಯಾವುದಾದರೂ ರೀತಿಯಲ್ಲಿ ಪ್ರತಿಕ್ರಿಯೆ ತೋರಿದ್ದು ನೂರಕ್ಕೆ 31 ಸಲ ಮಾತ್ರ. ಉಳಿದಂತೆ ಮಕ್ಕಳು, ಗುರು ತಮ್ಮ ಮಾತಿಗೆ ತಲೆದೂಗಿದರೆಂದೇ ತಿಳಿದು ಸಂತೋಷದಿಂದ ಮುಂದುವರಿದರು. ಅದೇ ಉಪಾಧ್ಯಾಯರು ಉತ್ತರವನ್ನು ತಾವು ಕೊಡದೆ, ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿಯೋ ಪ್ರಶ್ನೆ ಕೇಳಿಯೋ ಮಗುವಿನಿಂದಲೇ ಸರಿ ರೂಪವನ್ನು ಹೊರಡಿಸಲು ಯತ್ನಿಸಿದಾಗ, ಒಂದು ಸಲವೂ ಮಗು ಸುಮ್ಮನಿರಲಿಲ್ಲ. ಪ್ರತಿಸಲವೂ ಸರಿಯಾಗಿಯೇ ಹೇಳಿತೆಂದಲ್ಲ, ಪ್ರತಿಸಲವೂ ಪ್ರಯತ್ನಿಸಿತು. ಇದನ್ನು ಓದಿದಾಗ ನನ್ನ ಮೂವತ್ತು ವರ್ಷಗಳ ಮೇಷ್ಟರಿಕೆ ಕಣ್ಣ ಮುಂದೆ ಸುಳಿಯಿತು. ಸೌಜನ್ಯವೆಂದು ನಾನು ತಿಳಿದಿದ್ದರಲ್ಲಿ ಎಷ್ಟು ಭಾಗ ಸೋಮಾರಿತನವಾಗಿತ್ತೋ!

ಈ ಎರಡು ಎಳೆಗಳೂ, ಅಂದರೆ ಹುಡುಕುವ ಗಣಿತವೂ ಹೇಳುವ ವಿವೇಕವೂ, ಒಂದೆಡೆ ಕೂಡಿದ್ದು ನೆದರ್ಲೆಂಡ್ಸಿನ ನೈಮೇಖೆನ್ ಎಂಬ ಪುರಾತನ ಪಟ್ಟಣದಲ್ಲಿ. ಡಚ್ಚರಿಗೆ ಉಚ್ಚಾರಣೆಯ ಪರೀಕ್ಷೆ ಹೊಸದಲ್ಲ. ಹೇಗ್ ನಗರದ ಪಕ್ಕದ ಸಮುದ್ರತೀರದ ಊರೊಂದರ ಹೆಸರು ಸ್ಖೆವೆನಿಂಗೆನ್. ಯುದ್ಧಕಾಲದಲ್ಲಿ ಮಾರುವೇಷದ ಜರ್ಮನರನ್ನು ಕಂಡುಹಿಡಿಯಲು ಅವರ ಬಾಯಲ್ಲಿ ಆ ಊರ ಹೆಸರನ್ನು ಹೇಳಿಸುತ್ತಿದ್ದರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ‘ಷಿಬ್ಬೋಲೆತ್’ ಎನ್ನಲಾರದೆ ‘ಸಿಬ್ಬೋಲೆತ್’ ಎಂದು ನಲವತ್ತೆರಡು ಸಾವಿರ ಜನ ಹತರಾದ ಕಥೆಯ ತಮ್ಮ ಇದು. ತ್ವಷ್ಟೃವಿನ ಕಥೆಗೂ ದಾಯಾದಿಯೇ.

ನೈಮೇಖೆನ್ನಿನ ವಿಶ್ವವಿದ್ಯಾನಿಲಯದಲ್ಲಿ ಆಂಬ್ರಾ ನೇರಿ, ಕಾಟಿಯಾ ಕುಕ್ಕಿಯಾರಿನಿ, ಹೆಲ್ಮರ್ ಸ್ಟ್ರಿಕ್ ಎಂಬ ಮೂವರು ವಲಸೆ ಬಂದವರಿಗೆ ಡಚ್ ಕಲಿಸುವ ಯಂತ್ರಪಾಠವೊಂದನ್ನು ರಚಿಸಿ, ಅದರ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ನನಗೆ ಇವರ ಕೆಲಸದಲ್ಲಿ ಮೆಚ್ಚುಗೆಯಾದದ್ದು ಅದರ ಸಂಯಮ. ಡಚ್ಚಿನ ಎಲ್ಲ ಧ್ವನಿಗಳನ್ನೂ ತಿದ್ದಲು ಅವರು ಹೊರಡಲಿಲ್ಲ. ಯಾವ ದೇಶದಿಂದ ಬಂದವರಾದರೂ ಹೆಚ್ಚಾಗಿ ಎಡವುವ, ಕೇಳುವವರಿಗೆ ತೊಡಕಾಗುವ, ಯಂತ್ರವೂ ನಂಬಿಕೆಯಿಂದ ಹಿಡಿಯಬಲ್ಲ ಹನ್ನೊಂದು ಧ್ವನಿಗಳನ್ನು ಮಾತ್ರ ಆರಿಸಿಕೊಂಡರು. ‘ಮನ್’ ಎಂದರೆ ಅವರಲ್ಲಿ ಗಂಡಸು, ‘ಮಾನ್’ ಎಂದರೆ ಚಂದ್ರ. ಇಂಥ ಸ್ವರಭೇದಗಳು, ಗಂಟಲಿನಿಂದ ಕೆರೆದು ಬರುವ ವ್ಯಂಜನ, ನಮ್ಮ ‘ಐ’ಯೂ ಅಲ್ಲದ ‘ಔ’ವೂ ಅಲ್ಲದ ಅವರದೇ ಒಂದು ಜೋಡಿಸ್ವರ. ತಪ್ಪಿದ ಅಕ್ಷರ ತೆರೆಯ ಮೇಲೆ ಕೆಂಪಾಗುತ್ತದೆ. ಜೊತೆಗೊಂದು ಚಿಕ್ಕ ಸೂಚನೆ. ಒಂದು ವಾಕ್ಯದಲ್ಲಿ ಎಷ್ಟೇ ತಪ್ಪುಗಳಿದ್ದರೂ ಮೂರಕ್ಕಿಂತ ಹೆಚ್ಚನ್ನು ಎತ್ತಿ ತೋರಿಸಬಾರದೆಂದು ಕಟ್ಟು ಹಾಕಿದರು. ಹೆಚ್ಚು ತೋರಿಸಿದರೆ ಮನುಷ್ಯ ಕುಗ್ಗಿಹೋಗುತ್ತಾನೆ. ಮಿತಿಯನ್ನು ಎಲ್ಲಿಡಬೇಕೆಂಬ ಹಳೆಯ ಪ್ರಶ್ನೆಗೂ ಅವರು ಒಂದು ಪಕ್ಷವನ್ನು ಹಿಡಿದರು. ತಪ್ಪನ್ನು ಬಿಟ್ಟುಬಿಡುವುದಕ್ಕಿಂತ, ಸರಿಯಾದದ್ದನ್ನು ತಪ್ಪೆನ್ನುವುದು ಹೆಚ್ಚಿನ ಅಪಾಯ. ಏಕೆಂದರೆ ಬಿಟ್ಟುಹೋದ ತಪ್ಪು ನಾಳೆ ಸಿಕ್ಕೀತು. ಸರಿ ನುಡಿದೂ ಬೈಸಿಕೊಂಡವನು ಆ ಗುರುವನ್ನು ಮತ್ತೆ ನಂಬುವುದಿಲ್ಲ, ಇಲ್ಲವೇ ತನ್ನ ಬಾಯನ್ನೇ ನಂಬುವುದಿಲ್ಲ. ಆನೆಯನ್ನು ಹಾನೆ ಎಂದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವೇ ವಾರಗಳ ಅಭ್ಯಾಸದಲ್ಲಿ, ಯಂತ್ರದಿಂದ ತಿದ್ದಿಸಿಕೊಂಡವರು ಆ ಹನ್ನೊಂದು ಧ್ವನಿಗಳಲ್ಲಿ, ತಿದ್ದಿಸಿಕೊಳ್ಳದೆ ಅಭ್ಯಾಸ ಮಾಡಿದವರಿಗಿಂತ ಸ್ಪಷ್ಟವಾಗಿ ಮುಂದುವರಿದರು. ಮುಂದೆ ಅದೇ ನೆಲೆಯಿಂದ, ಆಡುಮಾತಿನ ವ್ಯಾಕರಣವನ್ನೂ ತಿದ್ದುವ ಯೋಜನೆಯೊಂದು ಹೊರಟಿತು. ಅದರ ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ‘ಡಿಸ್ಕೊ’ ಆಗುತ್ತದೆ. ವಿದ್ವಾಂಸರೂ ಒಮ್ಮೊಮ್ಮೆ ಹುಡುಗಾಟಿಕೆಯವರು.

ಅದೇ ವರ್ಷಗಳಲ್ಲಿ, ಅದೇ ದೇಶದಲ್ಲಿ, ಅದೇ ಬಗೆಯ ವಿದ್ಯೆ ಇನ್ನೊಂದು ಕೆಲಸಕ್ಕೂ ಒದಗಿತ್ತು ಎಂಬುದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ನೆದರ್ಲೆಂಡ್ಸಿನಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಿಕೊಳ್ಳಲು ಕೆಲವು ದೇಶಗಳಿಂದ ಹೋಗಬಯಸುವವರು ತಮ್ಮ ದೇಶದಲ್ಲಿದ್ದಾಗಲೇ ಡಚ್ ಮಾತಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಕಾನೂನು 2006ರ ಮಾರ್ಚಿಯಲ್ಲಿ ಜಾರಿಗೆ ಬಂತು. ಅಮೆರಿಕ, ಜಪಾನ್ ಮುಂತಾದ ದೇಶಗಳವರಿಗೆ ವಿನಾಯಿತಿಯಿತ್ತು. ಪರೀಕ್ಷೆಯ ಶುಲ್ಕ 350 ಯೂರೋ. ರಾಯಭಾರಿ ಕಚೇರಿಯಲ್ಲಿ ಕುಳಿತು ಟೆಲಿಫೋನಿನಲ್ಲಿ ಮಾತನಾಡಬೇಕು: ಕೇಳಿದ ವಾಕ್ಯವನ್ನು ಮರುನುಡಿಯಬೇಕು, ಸಣ್ಣ ಪ್ರಶ್ನೆಗೆ ಉತ್ತರಿಸಬೇಕು, ಪದದ ವಿರುದ್ಧಾರ್ಥ ಹೇಳಬೇಕು. ಆ ಕಡೆಯಿಂದ ಕೇಳಿ ಅಂಕ ಕೊಡುತ್ತಿದ್ದುದು ಮನುಷ್ಯರಲ್ಲ, ಕಂಪ್ಯೂಟರು. ಕೆಲವು ವರ್ಷಗಳ ಬಳಿಕ ಪರೀಕ್ಷೆಯ ರೂಪ ಬದಲಾಯಿತು. ಆದರೆ ಗಮನಿಸಿ: ನೈಮೇಖೆನ್ನಿನ ಯಂತ್ರ ಕೇಳುವುದು ತಿದ್ದುವುದಕ್ಕಾಗಿ, ಈ ಯಂತ್ರ ಕೇಳುತ್ತಿದ್ದುದು ತೀರ್ಪು ಕೊಡುವುದಕ್ಕಾಗಿ. ಕಿವಿ ಒಂದೇ ಜಾತಿಯದು. ಸ್ಖೆವೆನಿಂಗೆನ್ನಿನ ಕಾವಲುಗಾರನೂ ನೈಮೇಖೆನ್ನಿನ ಮೇಷ್ಟರೂ ಅಣ್ಣತಮ್ಮಂದಿರಾಗಿ ಒಂದೇ ಮನೆಯಲ್ಲಿ ಬೆಳೆದಂತೆ.

ನಮ್ಮ ಬಂಧುಗಳ ಮನೆಯ ಹೆಣ್ಣುಮಗಳೊಬ್ಬಳು 2009ರಲ್ಲಿ ಈ ಪರೀಕ್ಷೆಗೆ ಸಿದ್ಧತೆ ನಡೆಸಿದ್ದಳು. ಸಂಜೆಯ ಹೊತ್ತು ನಮ್ಮ ಮನೆಗೆ ಬಂದು, ಚಿತ್ರಗಳ ಪುಸ್ತಕವನ್ನು ಹರಡಿಕೊಂಡು, ಧ್ವನಿಮುದ್ರಿಕೆಯನ್ನು ಕೇಳಿ ಕೇಳಿ ನುಡಿಯುತ್ತಿದ್ದಳು. “ಸರಿಯಾಯಿತೆ, ದೊಡ್ಡಪ್ಪ?” ಎಂದು ಕೇಳುತ್ತಿದ್ದಳು. ಭಾಷೆಯ ಮೇಷ್ಟರೆಂದು ಹೆಸರಾದ ನಾನು ಏನು ಹೇಳಲಿ? ಹ್ರಸ್ವ ದೀರ್ಘಗಳಲ್ಲಿ ಅವಳಿಗೆ ಕನ್ನಡದ ಬಲವಿತ್ತು. ಆ ಜೋಡಿಸ್ವರ ಬಂದಾಗ ಮಾತ್ರ ನಮ್ಮಿಬ್ಬರದೂ ಒಂದೇ ಜರಡಿ. ಅವಳ ಮಾತೂ ಧ್ವನಿಮುದ್ರಿಕೆಯ ಮಾತೂ ನನಗೆ ಒಂದೇ ಎಂದು ಕೇಳಿಸುತ್ತಿತ್ತು. ನಲವತ್ತು ವರ್ಷದ ಹಿಂದೆ ಹಲಗೆಯ ಗೋಡೆಯ ನಡುವೆ ಹಿಗ್ಗಿದ ಹಾಗೆ ಹಿಗ್ಗುವ ವಯಸ್ಸು ನನಗೆ ಮೀರಿತ್ತು. “ಮತ್ತೊಮ್ಮೆ ಹೇಳಮ್ಮ” ಎಂದೆ. ನನ್ನ ಬಾಯಿಂದ ಆ ಮಾತು ಹೊರಟಾಗ ನನಗೇ ನಾಚಿಕೆಯಾಯಿತು.

ಅವಳು ತೇರ್ಗಡೆಯಾಗಿ ಹೋದಳು. ಅಲ್ಲಿ ಹೋದ ಮೇಲೆ ಅವಳು ಕಂಡದ್ದು ಯಾವ ಪರೀಕ್ಷೆಗೂ ಸೇರದ ಮತ್ತೊಂದು ಬಗೆಯ ತಿದ್ದುಪಾಟು. ಅಂಗಡಿಯಲ್ಲಿ ಡಚ್ ನುಡಿಯಲ್ಲಿ ಬ್ರೆಡ್ ಕೇಳಿದರೆ, ಮೊದಲ ವಾಕ್ಯ ಮುಗಿಯುವುದರೊಳಗೆ ಅಂಗಡಿಯವನು ನಗುಮುಖದಿಂದ ಇಂಗ್ಲಿಷಿಗೆ ತಿರುಗಿಬಿಡುತ್ತಿದ್ದನಂತೆ. ಉಪಕಾರಬುದ್ಧಿಯಿಂದಲೇ. ಅವಳಿಗೆ ಮಾತ್ರ ಬಾಗಿಲು ಮುಚ್ಚಿದಂತೆ. ಅವನಿಗೆ ಅವಳ ಮಾತು ಅರ್ಥವಾಗಿರಲಿಲ್ಲವೆಂದಲ್ಲ. ಕೆನಡಾದ ಮುನ್ರೋ ಮತ್ತು ಡರ್ವಿಂಗ್ 1995ರಲ್ಲೇ ತೋರಿಸಿಕೊಟ್ಟಿದ್ದರು: ಪರದೇಶದ ಛಾಯೆ ದಟ್ಟವಾಗಿದ್ದ ಮಾತೂ ಕೇಳುವವರಿಗೆ ಪೂರ್ತಿಯಾಗಿ ಅರ್ಥವಾಗುವುದುಂಟು, ಛಾಯೆ ಬೇರೆ, ಅಸ್ಪಷ್ಟತೆ ಬೇರೆ. ಮನುಷ್ಯರೇ ಬೆರೆಸಿಬಿಡುವ ಈ ಎರಡನ್ನು ಯಂತ್ರ ಬೇರ್ಪಡಿಸೀತೆ? ಅದು ಅಳೆಯುವುದು ತಾನು ಕೇಳಿ ಬೆಳೆದ ದನಿಗಳಿಂದ ಎಷ್ಟು ದೂರ ಎಂಬುದನ್ನು. ಅದಕ್ಕೆ ಯಾರ ದನಿಯನ್ನು ಕೇಳಿಸಿ ಬೆಳೆಸಿದ್ದಾರೆ ಎಂಬುದೇ ಹಾಗಾದರೆ ಮುಖ್ಯ. ಅಮೆರಿಕದ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಳಿಯರ ಮಾತಿನಲ್ಲಿ ಅವು ಸರಾಸರಿ ನೂರಕ್ಕೆ 19 ಪದಗಳಲ್ಲಿ ತಪ್ಪಿದರೆ, ಕರಿಯರ ಮಾತಿನಲ್ಲಿ 35ರಲ್ಲಿ ತಪ್ಪಿದವು. ಅವರಿಗೆ ಇಂಗ್ಲಿಷ್ ಎರಡನೆಯ ಭಾಷೆಯಲ್ಲ, ಹೆತ್ತ ತಾಯಿಯ ಭಾಷೆ. ಯಂತ್ರಕ್ಕೂ ಜರಡಿಯುಂಟು ಎಂದು ತ್ರುಬೆಟ್ಸ್‌ಕಾಯ್ ಇದ್ದಿದ್ದರೆ ಹೇಳುತ್ತಿದ್ದನೇನೋ.

ಈಗ ಕಂಪ್ಯೂಟರು ಜೇಬಿನೊಳಗೆ ಬಂದಿದೆ. ಮಾತಿಗೆ ಮಾತು ಕೊಡುತ್ತದೆ, ನಡುರಾತ್ರಿಯಲ್ಲಿ ಎಬ್ಬಿಸಿದರೂ ಪಾಠ ಹೇಳುತ್ತದೆ. ನಾನೂ ಬಾಗಿಲು ಹಾಕಿಕೊಂಡು ಅದರ ಮುಂದೆ ಆ ಎರಡು ‘ವೈನ್’ಗಳನ್ನು ನುಡಿದು ನೋಡಿದೆ. ಅದು ನಗಲಿಲ್ಲ. ನಗುವವರಿಲ್ಲದ ಕೊಠಡಿಯಲ್ಲಿ ತಪ್ಪು ಮಾಡುವ ಸುಖ ಎಷ್ಟೆಂಬುದನ್ನು ಅರುವತ್ತು ವರ್ಷ ಮೊದಲೇ ಕಂಡಿದ್ದರೆ ನಾನು ತರಗತಿಯಲ್ಲಿ ಇನ್ನಷ್ಟು ಬಾಯಿ ತೆರೆಯುತ್ತಿದ್ದೆ.

ಆ ಹೆಣ್ಣುಮಗಳಿಗೆ ಈಗ ಮಗಳಿದ್ದಾಳೆ, ಅಲ್ಲೇ ಹುಟ್ಟಿದವಳು. ಆ ಜೋಡಿಸ್ವರವನ್ನು ತಾಯಿಗೆ ತಿದ್ದುವವಳು ಅವಳೇ. ತಾಯಿಯ ಬಾಯನ್ನು ಎರಡು ಕೈಯಲ್ಲಿ ಹಿಡಿದು ತುಟಿಯನ್ನು ದುಂಡಗೆ ಮಾಡಿ ತೋರಿಸುತ್ತಾಳಂತೆ. ಕನ್ನಡವನ್ನು ನನ್ನೊಡನೆ ಟೆಲಿಫೋನಿನಲ್ಲಿ ಕಲಿಯುತ್ತಾಳೆ. ಳಕಾರ ಅವಳ ಜರಡಿಯಲ್ಲಿ ಇಲ್ಲ. ಮೊನ್ನೆ ಭಾನುವಾರ “ಅಜ್ಜ, ಅಮ್ಮ ಇವತ್ತು ಹುಲಿ ಮಾಡಿದಾಳೆ, ನಾನು ಅನ್ನಕ್ಕೆ ಹಾಕಿಕೊಂಡು ತಿಂದೆ” ಎಂದಳು. ಲಿಸ್ಟರ್, ರಾಂಟಾ ಇಬ್ಬರನ್ನೂ ಓದಿದ ನಾನು ಅದನ್ನೆಲ್ಲ ಆ ಕ್ಷಣಕ್ಕೆ ಮರೆತು, “ಓಹೋ, ಹುಳಿ ಮಾಡಿದಾಳೆಯೋ? ಹುಳಿ ಚೆನ್ನಾಗಿತ್ತೋ?” ಎಂದೆ.

“ಹೂಂ ಅಜ್ಜ, ಹುಲಿ ತುಂಬ ಚೆನ್ನಾಗಿತ್ತು.”